ಅರಿವಳಿಕೆ ಇಳಿಯುವಾಗ ವೈದ್ಯರು ಎಲ್ಲಿದ್ದರು?

2023ರ ಚಳಿಗಾಲ. ಫ್ರಾಂಕ್‌ಫರ್ಟ್‌ನಿಂದ ಎಸ್-ಬಾನ್ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ವಿಭಾಗದ ನರ್ಸ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಅಲ್ಲೇ ಐದು ವರ್ಷ ಆಪರೇಷನ್ ಥಿಯೇಟರಿನಲ್ಲಿ ದುಡಿದು, ಜರ್ಮನ್ ಭಾಷೆಯ ಪರೀಕ್ಷೆ ಪಾಸು ಮಾಡಿಕೊಂಡು ಬಂದವಳು. ನನ್ನ ಪದವಿಗೆ ಇಲ್ಲಿನ ಸರ್ಕಾರದ ಮಾನ್ಯತೆ ಸಿಕ್ಕು ಒಂದೂವರೆ ವರ್ಷವಾಗಿತ್ತು. ಅರಿವಳಿಕೆ ಮತ್ತು ತೀವ್ರ ನಿಗಾ ನರ್ಸಿಂಗಿನಲ್ಲಿ ಇಲ್ಲಿ ಎರಡು ವರ್ಷದ ವಿಶೇಷ ತರಬೇತಿ ಇದೆ. ಫಾಖ್‌ವೈಟರ್‌ಬಿಲ್ಡುಂಗ್ ಎಂದು ಅದರ ಹೆಸರು. ಮುಂದಿನ ಏಪ್ರಿಲ್‌ನ ತಂಡಕ್ಕೆ ಆಸ್ಪತ್ರೆ ನನ್ನ ಹೆಸರು ಕಳಿಸಿತ್ತು. ಅದೊಂದು ಸಿಕ್ಕರೆ ಬಾಕಿ ಜೀವನ ಸಲೀಸು ಎಂದುಕೊಂಡಿದ್ದೆ.

ಊರಿನಿಂದ ಫೋನ್ ಮಾಡುವ ಕಿರಿಯ ನರ್ಸ್‌ಗಳು ಮೊದಲು ಕೇಳುವ ಪ್ರಶ್ನೆ, "ಅಲ್ಲಿ ನಾವೇ ಅನಸ್ತೇಶಿಯಾ ಕೊಡಬಹುದಾ ಅಕ್ಕಾ?" ಎಂದು. ಕೆಲವು ದೇಶಗಳಲ್ಲಿ ನರ್ಸ್‌ಗಳೇ ಅರಿವಳಿಕೆ ಕೊಡುತ್ತಾರೆ. ಜರ್ಮನಿಯಲ್ಲಿ ಹಾಗಿಲ್ಲ. ಇಲ್ಲಿ ಅರಿವಳಿಕೆ ವೈದ್ಯರ ಕೆಲಸ. ನಾವು ಔಷಧ ಸಿರಿಂಜಿಗೆ ತುಂಬಿಡುತ್ತೇವೆ, ಯಂತ್ರ ಪರೀಕ್ಷಿಸುತ್ತೇವೆ, ಉಸಿರಿನ ನಳಿಕೆ ಹಾಕುವಾಗ ಜೊತೆಗಿರುತ್ತೇವೆ, ರೋಗಿಯ ಮೇಲೆ ಕಣ್ಣಿಡುತ್ತೇವೆ. ವಿಶೇಷ ತರಬೇತಿ ಮುಗಿಸಿದರೆ ಸಂಬಳದ ದರ್ಜೆ ಏರುತ್ತದೆ, ಕಲಿಸುವ ಹುದ್ದೆ ಸಿಗಬಹುದು, ಬೇಡಿಕೆಗಂತೂ ಕೊರತೆಯಿಲ್ಲ. ಆದರೆ ಔಷಧ ಕೊಡುವ ನಿರ್ಧಾರ ವೈದ್ಯರದೇ. ಕಾಗದದ ಮೇಲೆ ಇದು ಬಹಳ ಸ್ಪಷ್ಟ. ಕಾಗದದ ಆಚೆ ಹೇಗಿರುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಥಿಯೇಟರಿನಲ್ಲಿ ಒಂದು ಪದ್ಧತಿ ಇತ್ತು. ಥಿಯೇಟರಿಗೆ ಅಂಟಿಕೊಂಡಂತೆ ಒಂದು ಚಿಕ್ಕ ಕೋಣೆ. ರೋಗಿಗೆ ಅರಿವಳಿಕೆ ಶುರು ಮಾಡುವುದು ಅಲ್ಲಿ. ಒಳಗೆ ಮೇಜಿನ ಮೇಲೆ ಒಬ್ಬರು ಎಚ್ಚರಗೊಳ್ಳುತ್ತಿರುವಾಗಲೇ ಆ ಕೋಣೆಯಲ್ಲಿ ಮುಂದಿನವರನ್ನು ಮಲಗಿಸುವುದು. ಇಬ್ಬರು ಅರಿವಳಿಕೆ ವೈದ್ಯರಿದ್ದರೆ ಇದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಹೆಚ್ಚಿನ ದಿನ ಒಬ್ಬರೇ ಇರುತ್ತಿದ್ದರು. ಒಂದು ಆಪರೇಷನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ನಿಮಿಷ ಹೋಯಿತೆಂದು ಆಡಳಿತದವರು ಪ್ರತಿ ಸೋಮವಾರ ಒಂದು ಹಾಳೆ ಅಂಟಿಸುತ್ತಿದ್ದರು. ಹಸಿರು, ಹಳದಿ, ಕೆಂಪು. ಕೆಂಪು ಬಣ್ಣ ಬಂದ ವಾರ ಮುಖ್ಯ ವೈದ್ಯರ ಮುಖವೂ ಕೆಂಪು. ರೋಗಿ ಎಚ್ಚರಗೊಳ್ಳುವಾಗ ಪಕ್ಕದಲ್ಲಿ ವೈದ್ಯರಿದ್ದರೋ ಇಲ್ಲವೋ ಎಂಬುದಕ್ಕೆ ಆ ಹಾಳೆಯಲ್ಲಿ ಬಣ್ಣವೇ ಇರಲಿಲ್ಲ.

ಅಂದಿನ ಅರಿವಳಿಕೆ ವೈದ್ಯರು ಡಾ. ಶ್ರೀಧರ. ಇದು ಅವರ ನಿಜವಾದ ಹೆಸರಲ್ಲ. ಮೈಸೂರಿನವರು, ಐವತ್ತು ದಾಟಿದವರು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜರ್ಮನಿಯಲ್ಲಿದ್ದವರು. ವಿಭಾಗದ ಹಿರಿಯರಲ್ಲಿ ಒಬ್ಬರು, ಕೈ ಬಹಳ ಚುರುಕು. ನಾನು ಬಂದ ಹೊಸದರಲ್ಲಿ ಬಾಡಿಗೆ ಮನೆಯ ಕರಾರು ಓದಿ ಅರ್ಥ ಹೇಳಿದ್ದು ಅವರೇ. ಅವರ ಹೆಂಡತಿ ದೀಪಾವಳಿಗೆ ಮನೆಗೆ ಕರೆದು ಊಟ ಹಾಕಿದ್ದರು. ನಾನು ಒಯ್ದ ಖಡಕ್ ರೊಟ್ಟಿ ಕಂಡು ಡಾಕ್ಟರು, "ಏನಮ್ಮ ಇದು, ನಮ್ಮ ಹಲ್ಲಿಗೂ ಅನಸ್ತೇಶಿಯಾ ಬೇಕಾಗುತ್ತೆ" ಎಂದು ನಗಿಸಿದ್ದರು. ಆಸ್ಪತ್ರೆಯಲ್ಲಿ ಜರ್ಮನ್ ನರ್ಸ್‌ಗಳು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಒಬ್ಬಳೇ "ಸರ್" ಅನ್ನುತ್ತಿದ್ದೆ. ಕೆಲಸದ ನಡುವೆಯೂ ನನ್ನೊಡನೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. ನನಗದು ಹೆಮ್ಮೆಯ ವಿಷಯವಾಗಿತ್ತು.

ಅಂದು ಗುರುವಾರ. ಬೆಳಿಗ್ಗೆ ಎರಡನೆಯ ರೋಗಿ, ಮೂಗಿನ ನಡುಗೋಡೆ ನೇರ ಮಾಡುವ ಆಪರೇಷನ್. ಮೂವತ್ತೆಂಟು ವರ್ಷದ ಟ್ರಾಮ್ ಚಾಲಕ, ಎಂಬತ್ತೆರಡು ಕೆ.ಜಿ., ದಿನಕ್ಕೊಂದು ಪ್ಯಾಕ್ ಸಿಗರೇಟು. ಅವರನ್ನು ಕ್ರೇಮರ್ ಎಂದು ಕರೆಯುತ್ತೇನೆ. ಮಲಗಿಸುವ ಮುಂಚೆ ಬಹಳ ತಮಾಷೆ ಮಾಡಿದರು.

"ಗೊರಕೆ ನಿಲ್ಲದಿದ್ದರೆ ಹೆಂಡತಿ ಬೇರೆ ರೂಮಿಗೆ ಹೋಗ್ತಾಳಂತೆ ಸಿಸ್ಟರ್. ನಿಂತರೆ ವಾಪಸ್ ಬರ್ತಾಳಂತೆ. ಯಾವುದು ಒಳ್ಳೆಯದು ಅಂತ ಇನ್ನೂ ಯೋಚಿಸ್ತಿದ್ದೀನಿ."

"ಎದ್ದ ಮೇಲೆ ಹೇಳಿ," ಎಂದೆ. ಅವರ ತೋಳಿನಲ್ಲಿ ಔಷಧ ಹೋಗುತ್ತಿತ್ತು. ನಗುತ್ತಲೇ ನಿದ್ದೆಗೆ ಜಾರಿದರು.

ಆಪರೇಷನ್ ಐವತ್ತು ನಿಮಿಷದಲ್ಲಿ ಮುಗಿಯಿತು. ಸರ್ಜನ್ ಮೂಗಿನ ಎರಡೂ ಹೊಳ್ಳೆಗೆ ರಕ್ತ ತಡೆಯುವ ಪ್ಯಾಕ್ ತುಂಬಿ, ವರದಿ ಹೇಳಿ ಬರೆಸಲು ಹೊರಗೆ ಹೋದರು. ಸಹಾಯಕಿ ರೋಗಿಯ ಹಾಸಿಗೆ ತರಲು ಹೋದಳು. ಶ್ರೀಧರ ಸರ್ ಗಂಟಲಿನ ರಕ್ತ ಹೀರಿ ತೆಗೆದು, ಉಸಿರಿನ ನಳಿಕೆ ಹೊರಗೆಳೆದರು. ಕ್ರೇಮರ್ ಎರಡು ಸಲ ಉಸಿರಾಡಿದರು. ಕಣ್ಣು ಇನ್ನೂ ತೆರೆದಿರಲಿಲ್ಲ. ಸರ್ ಗೋಡೆಯ ಗಡಿಯಾರ ನೋಡಿದರು.

"ಎರಡೇ ನಿಮಿಷಮ್ಮ. ಮುಂದಿನವರನ್ನ ಮಲಗಿಸಿ ಬಂದ್ಬಿಡ್ತೀನಿ. ನೋಡ್ಕೋತೀಯಲ್ಲ?"

"ಹೂಂ ಸರ್," ಎಂದೆ.

ಆ ಎರಡು ಶಬ್ದವನ್ನು ನಾನು ಇವತ್ತಿಗೂ ನುಂಗಿಕೊಳ್ಳಲಾರೆ. ಬೇರೆ ಯಾವ ನರ್ಸ್ ಇದ್ದರೂ "ಇಲ್ಲ, ಇವರು ಕಣ್ಣು ಬಿಡುವವರೆಗೆ ನೀವು ಹೋಗುವಂತಿಲ್ಲ" ಅನ್ನುತ್ತಿದ್ದರು. ಹಾಗೆ ಅಂದದ್ದನ್ನು ಕೇಳಿದ್ದೆ ಕೂಡ, ಎಷ್ಟು ಒರಟು ಜನ ಎಂದುಕೊಂಡಿದ್ದೆ. ಮನೆಗೆ ಕರೆದು ಊಟ ಹಾಕಿದ ಹಿರಿಯರಿಗೆ, ಕನ್ನಡದಲ್ಲಿ ಕೇಳಿದಾಗ, ಇಲ್ಲ ಅನ್ನುವುದು ನನಗೆ ಬರುತ್ತಿರಲಿಲ್ಲ. ಸರ್‌ಗೂ ಅದು ಗೊತ್ತಿತ್ತು. "ಎರಡು ನಿಮಿಷ" ಎಂದು ಅವರು ನನ್ನನ್ನು ಮಾತ್ರ ಕೇಳುತ್ತಿದ್ದರು, ಬೇರೆಯವರನ್ನು ಕೇಳುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ತಿಂಗಳುಗಳ ಮೇಲೆ.

ಬಾಗಿಲು ಮುಚ್ಚಿತು. ಥಿಯೇಟರಿನಲ್ಲಿ ಉಳಿದವರು ನಾನು, ಮೇಜಿನ ಮೇಲೆ ಕ್ರೇಮರ್, ಮೂಲೆಯಲ್ಲಿ ಉಪಕರಣ ಎಣಿಸಿ ಟ್ರೇಗೆ ಹಾಕುತ್ತಿದ್ದ ಬಿರ್ಗಿಟ್. ಮೂವತ್ತು ವರ್ಷ ಥಿಯೇಟರಿನಲ್ಲೇ ಕಳೆದ ಹೆಂಗಸು ಅವಳು.

ಮೊದಲು ಗಮನಕ್ಕೆ ಬಂದದ್ದು ಮೌನ. ಉಸಿರಿನ ಸದ್ದು ನಿಂತಿತ್ತು. ಎದೆ ಒಳಗೆ ಎಳೆದುಕೊಳ್ಳುತ್ತಿತ್ತು, ಹೊಟ್ಟೆ ಮೇಲೇಳುತ್ತಿತ್ತು, ಆದರೆ ಗಾಳಿ ಆಡುತ್ತಿರಲಿಲ್ಲ. ಲ್ಯಾರಿಂಗೋಸ್ಪಾಸಂ. ಅರೆ ಎಚ್ಚರದಲ್ಲಿ ಒಂದು ತೊಟ್ಟು ರಕ್ತ ಜಿನುಗಿದರೂ ಧ್ವನಿಪೆಟ್ಟಿಗೆ ಬಿಗಿದು ಪೂರ್ತಿ ಮುಚ್ಚಿಕೊಳ್ಳಬಹುದು. ಮನುಷ್ಯ ಉಸಿರಾಡಲು ಶಕ್ತಿಮೀರಿ ಪ್ರಯತ್ನಿಸುತ್ತಾನೆ, ಬಾಗಿಲು ತೆರೆಯುವುದಿಲ್ಲ. ಸಿಗರೇಟು ಸೇದುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಮಾಸ್ಕ್ ಒತ್ತಿ ಹಿಡಿದೆ. ಪೂರ್ತಿ ಆಮ್ಲಜನಕ ಬಿಟ್ಟೆ. ದವಡೆಯನ್ನು ಎರಡೂ ಕೈಯಿಂದ ಮುಂದಕ್ಕೆ ಎತ್ತಿದೆ. ಮಾಸ್ಕಿಗೆ ಗಾಳಿ ಒತ್ತುವ ಚೀಲ ಕಲ್ಲಿನಂತೆ ಗಟ್ಟಿ, ಒಂದಿಷ್ಟೂ ಗಾಳಿ ಒಳಗೆ ಹೋಗಲಿಲ್ಲ. ಮಾನಿಟರಿನಲ್ಲಿ ರಕ್ತದ ಆಮ್ಲಜನಕ 94. ನಂತರ 88. ಆ ಯಂತ್ರಕ್ಕೆ ಒಂದು ಗುಣವಿದೆ, ಅಂಕಿ ಇಳಿದಂತೆ ಅದರ ಬೀಪ್ ಸ್ವರವೂ ಇಳಿಯುತ್ತದೆ. ಮಾನಿಟರ್ ನೋಡದೆಯೇ ಕಿವಿಗೆ ಗೊತ್ತಾಗುತ್ತದೆ, ಮನುಷ್ಯ ಕೈಬಿಟ್ಟು ಹೋಗುತ್ತಿದ್ದಾನೆ ಎಂದು.

ಒಂದು ಕೈಯಲ್ಲಿ ಮಾಸ್ಕ್ ಒತ್ತಿ, ಇನ್ನೊಂದು ಕೈಯಿಂದ ಜೇಬಿನ ಆಸ್ಪತ್ರೆ ಫೋನ್ ತೆಗೆದು ಸರ್ ನಂಬರ್ ಒತ್ತಿದೆ. ಅವರ ಫೋನ್ ನನ್ನ ಮೊಣಕೈ ಪಕ್ಕದಲ್ಲೇ ಹೊಡೆದುಕೊಳ್ಳತೊಡಗಿತು. ಅವರು ಅದನ್ನು ಅರಿವಳಿಕೆ ಯಂತ್ರದ ಮೇಲೆ ಬಿಟ್ಟು ಹೋಗಿದ್ದರು.

"ಬಿರ್ಗಿಟ್, ಓಡು! ಕರ್ಕೊಂಡು ಬಾ!"

ಅವಳು ಕೈಗವಸಿನಲ್ಲೇ ಬಾಗಿಲು ತಳ್ಳಿ ಓಡಿದಳು. 71. ಹೋದಷ್ಟೇ ಬೇಗ ವಾಪಸ್ ಬಂದಳು. "ಬರಕ್ಕಾಗಲ್ಲವಂತೆ. ಅಲ್ಲಿ ಆ ಹೆಂಗಸಿಗೆ ನಳಿಕೆ ಹೋಗ್ತಿಲ್ಲ. ಒಂದು ನಿಮಿಷ ಅಂದ."

"ಅಲಾರಂ ಒತ್ತು!"

ಒತ್ತಿದಳು. ತುರ್ತು ತಂಡ ಎರಡು ಮಹಡಿ ಮೇಲಿಂದ ಬರಬೇಕು. 58. ಕ್ರೇಮರ್ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸಿರಿಂಜಿನಲ್ಲಿ ಉಳಿದಿದ್ದ ನಿದ್ದೆಯ ಔಷಧ ಕೊಟ್ಟೆ. ಬಿಗಿತ ಬಿಡಲಿಲ್ಲ. 49. ಅಷ್ಟು ಹೊತ್ತು ನೂರಿಪ್ಪತ್ತರಲ್ಲಿ ಓಡುತ್ತಿದ್ದ ನಾಡಿ ಈಗ ತಿರುಗಿ ಇಳಿಯತೊಡಗಿತು. ಎಂಬತ್ತು, ಅರವತ್ತು, ನಲವತ್ತನಾಲ್ಕು. ಹೃದಯ ನಿಲ್ಲುವ ಮುಂಚೆ ಹೀಗೇ ಇಳಿಯುತ್ತದೆ.

ಪ್ರತಿ ಬೆಳಿಗ್ಗೆ ನಾವೇ ತುಂಬಿ, ಚೀಟಿ ಅಂಟಿಸಿ ಇಡುವ ತುರ್ತು ಸಿರಿಂಜ್‌ಗಳು ಕೈಯಳತೆಯಲ್ಲಿದ್ದವು. ಸಕ್ಸಿನೈಲ್‌ಕೋಲಿನ್, ಸ್ನಾಯುಗಳನ್ನು ಕ್ಷಣದಲ್ಲಿ ಸಡಿಲಿಸುವ ಔಷಧ. ಕೊಟ್ಟರೆ ಧ್ವನಿಪೆಟ್ಟಿಗೆ ಬಿಡುತ್ತದೆ, ಜೊತೆಗೆ ಮೈಯ ಎಲ್ಲ ಸ್ನಾಯುವೂ ಕೈಚೆಲ್ಲುತ್ತದೆ. ಆಮೇಲೆ ಆ ಮನುಷ್ಯನ ಉಸಿರು ಪೂರ್ತಿ ನನ್ನ ಕೈಯಲ್ಲಿ. ವೈದ್ಯರ ಆದೇಶವಿಲ್ಲದೆ ಅದನ್ನು ಮುಟ್ಟುವ ಹಕ್ಕು ನನಗಿಲ್ಲ. ಬಿರ್ಗಿಟ್ ಕಡೆ ನೋಡಿದೆ. ಅವಳು ಗಡಿಯಾರ ನೋಡಿ ಸಮಯವನ್ನು ಜೋರಾಗಿ ಹೇಳಿದಳು. "ಒಂಬತ್ತು ನಲವತ್ತೆರಡು. ನಾನು ನೋಡ್ತಾ ಇದ್ದೀನಿ. ಕೊಡು."

ನಲವತ್ತು ಮಿಲಿಗ್ರಾಂ ಕೊಟ್ಟೆ. ಹಿಂದೆಯೇ ನಾಡಿ ಏರಿಸಲು ಅಟ್ರೊಪಿನ್. ಎಷ್ಟು ಸೆಕೆಂಡ್ ಆಯಿತೋ ತಿಳಿಯದು. ಒಮ್ಮೆಲೇ ಚೀಲ ಮೆತ್ತಗಾಯಿತು, ಕೈಯೊಳಗೆ ಬಲೂನಿನಂತೆ ಕುಗ್ಗಿತು, ಎದೆ ಎದ್ದಿತು. ನನ್ನ ಬಾಯಿಂದ "ಅವ್ವಾ" ಎಂದು ಹೊರಟಿತು. 55. 70. 91. ಬೀಪ್ ಸ್ವರ ಮೆಟ್ಟಿಲು ಹತ್ತಿದಂತೆ ಮೇಲೇರಿತು.

ಆ ಹೆಂಗಸಿಗೆ ಅಂತೂ ನಳಿಕೆ ಹಾಕಿ ಸರ್ ಒಳಗೆ ಬಂದಾಗ 97 ಇತ್ತು. ಅವರು ಹೋಗಿ ನಾಲ್ಕು ನಿಮಿಷಕ್ಕೂ ಹೆಚ್ಚಾಗಿತ್ತು. ಅವರ ಬೆನ್ನಿಗೇ ಬಂದ ತುರ್ತು ತಂಡಕ್ಕೆ ಅವರೇ "ಆಯಿತು, ಸರಿಹೋಗಿದೆ" ಎಂದು ಹೇಳಿ ಕಳಿಸಿದರು. ಕಾಲು ಗಂಟೆಯಲ್ಲಿ ಕ್ರೇಮರ್ ಕಣ್ಣು ಬಿಟ್ಟು, ಹೆಸರು ಹೇಳಿದರು, ವಾರ್ಡಿಗೆ ಹೋದರು. ನಾವು ಮುಂದಿನ ಆಪರೇಷನ್ ಶುರು ಮಾಡಿದೆವು. ಹೌದು, ಶುರು ಮಾಡಿದೆವು. ಮುಂದಿನ ಸೋಮವಾರದ ಹಾಳೆಯಲ್ಲಿ ನಮ್ಮ ಥಿಯೇಟರಿಗೆ ಹಸಿರು ಬಣ್ಣ ಬಂತು.

ಮಧ್ಯಾಹ್ನ ಕಾಫಿ ರೂಮಿನಲ್ಲಿ ಸರ್ ನನ್ನ ಪಕ್ಕ ಕೂತರು. "ಹೆದರಿಬಿಟ್ಯಾ? ಚೆನ್ನಾಗಿ ಮ್ಯಾನೇಜ್ ಮಾಡಿದೆ ಕಣಮ್ಮ." ಅವರ ಕೈಯಲ್ಲಿ ಅರಿವಳಿಕೆಯ ದಾಖಲೆ ಹಾಳೆ ಇತ್ತು. ಆ ಆಸ್ಪತ್ರೆಯಲ್ಲಿ ಅದನ್ನು ಇನ್ನೂ ಕೈಯಲ್ಲೇ ಬರೆಯುತ್ತಿದ್ದರು. ನಾನು ಬಗ್ಗಿ ನೋಡಿದೆ. "ಆಮ್ಲಜನಕ ಅಲ್ಪಕಾಲ ಇಳಿಯಿತು, ಮಾಸ್ಕ್‌ನಿಂದ ಸರಿಹೋಯಿತು" ಎಂದಿತ್ತು. ಸಕ್ಸಿನೈಲ್‌ಕೋಲಿನ್ ಇರಲಿಲ್ಲ. ಅಟ್ರೊಪಿನ್ ಇರಲಿಲ್ಲ. 49 ಇರಲಿಲ್ಲ.

"ಸರ್, ಔಷಧ ಬರದಿಲ್ಲಲ್ರೀ?"

"ಬರೆದ್ರೆ ಯಾರನ್ನ ಮೊದಲು ಕೇಳ್ತಾರೆ ಹೇಳು? ನಿನ್ನನ್ನ. ಯಾರು ಆರ್ಡರ್ ಕೊಟ್ರು ಅಂತ. ನಿನ್ನ ಏಪ್ರಿಲ್ ಸೀಟು ಹೋಗುತ್ತೆ. ನಾನು ನಿನ್ನನ್ನ ಕಾಪಾಡ್ತಿದ್ದೀನಿ, ತಿಳ್ಕೋ."

"ನಾ ಅಲ್ಲೆ ಒಬ್ಬಾಕಿನ ಇದ್ದೆರೀ ಸರ್."

"ಪಕ್ಕದ ರೂಮಲ್ಲೇ ಇದ್ನಲ್ಲಮ್ಮ. ಹತ್ತು ಹೆಜ್ಜೆ. ನಮ್ ನಮ್ಮಲ್ಲೇ ಯಾಕೆ ಇದನ್ನ ದೊಡ್ಡದು ಮಾಡ್ತೀಯ?"

ಹತ್ತು ಹೆಜ್ಜೆ! ಮುಚ್ಚಿದ ಗಂಟಲಿನ ಮುಂದೆ ಹತ್ತು ಹೆಜ್ಜೆಯೂ ಒಂದೇ, ಮೈಸೂರೂ ಒಂದೇ. ಅದನ್ನು ಆಗ ಹೇಳಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿರ್ಗಿಟ್ ನನ್ನ ಕೈಗೆ ಒಂದು ಬಿಳಿ ಹಾಳೆ ತುರುಕಿದಳು. "ಗೆಡೆಖ್ಟ್‌ನಿಸ್‌ಪ್ರೋಟೊಕೊಲ್ ಬರಿ. ಈಗಲೇ. ಮನೆಗೆ ಹೋಗೋ ಮುಂಚೆ." ನೆನಪಿನ ದಾಖಲೆ ಎಂದು ಅದರ ಅರ್ಥ. ಏನೇ ಅನಾಹುತವಾದರೂ, ಕಂಡದ್ದನ್ನು ಅಂದೇ ಬರೆದು ಸಹಿ ಹಾಕಿ ಇಟ್ಟುಕೊಳ್ಳುವ ರೂಢಿ ಇಲ್ಲಿನ ನರ್ಸ್‌ಗಳಲ್ಲಿದೆ. ಬೆಂಚಿನ ಮೇಲೆ ಕೂತು ಒಂದೂವರೆ ಪುಟ ಬರೆದೆ. ಅವಳು ಓದಿ, ವ್ಯಾಕರಣದ ತಪ್ಪು ತಿದ್ದದೆ, ಕೆಳಗೆ ತನ್ನ ಸಹಿಯನ್ನೂ ಹಾಕಿದಳು. "ನಿನ್ನ ಡಾಕ್ಟರ್ ಹೋಗ್ತೀನಿ ಅಂದಾಗ ನೀನು ಏನಂದೆ?" ಎಂದು ಕೇಳಿದಳು. ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ನಾನಾಗಿದ್ದರೆ ಬಾಗಿಲಿಗೆ ಅಡ್ಡ ಕೂತುಬಿಡ್ತಿದ್ದೆ. ನನ್ನ ದೇಹ ನೋಡು, ದಾಟೋಕೆ ಆಗ್ತಿತ್ತಾ?"

ಹಾಳೆ ಬರೆದದ್ದೇನೋ ಸರಿ, ಅದನ್ನು ಯಾರಿಗೂ ಕೊಡಲಿಲ್ಲ. ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಏಪ್ರಿಲ್ ಸೀಟು ನನಗೆ ಬೇಕಿತ್ತು. ಸುಳ್ಳು ಹೇಳಲಾರೆ.

ಮರುದಿನ ಬೇರೆ ರೋಗಿಯನ್ನು ಕರೆದುಕೊಂಡು ಬರಲು ವಾರ್ಡಿಗೆ ಹೋದಾಗ ಕ್ರೇಮರ್ ನನ್ನನ್ನು ಕಂಡು ಕೈ ಬೀಸಿದರು. ಹಾಸಿಗೆಯಿಂದ ಏಳಲು ಒದ್ದಾಡುತ್ತಿದ್ದರು.

"ಸಿಸ್ಟರ್, ಆಪರೇಷನ್ ಮೂಗಿಗೆ ತಾನೆ? ಮತ್ತೆ ಕತ್ತು, ಭುಜ, ಹೊಟ್ಟೆ, ಎಲ್ಲ ಯಾಕೆ ನೋಯ್ತಿದೆ? ನನ್ನ ಟ್ರಾಮ್ ನನ್ನ ಮೇಲೇ ಹತ್ತಿಳಿದ ಹಾಗಿದೆ. ಮಲಗಿದ ಭಂಗಿ ಸರಿ ಇರಲಿಲ್ಲ ಅಂತಾರೆ ಇಲ್ಲಿ."

ಸಕ್ಸಿನೈಲ್‌ಕೋಲಿನ್ ಕೊಟ್ಟ ಮರುದಿನ ಮೈಯೆಲ್ಲ ಹೀಗೆ ನೋಯುವುದುಂಟು. ಹಾಳೆಯಲ್ಲಿ ಬರೆಯದ ಔಷಧ ಆ ಮನುಷ್ಯನ ಸ್ನಾಯುಗಳಲ್ಲಿ ಉಳಿದಿತ್ತು. ನಾನು ಏನೋ ಗೊಣಗಿ ಹೊರಡುವುದರಲ್ಲಿದ್ದೆ. ಅಷ್ಟರಲ್ಲಿ ಅವರು, "ಮಾರ್ಚ್‌ನಲ್ಲಿ ಹರ್ನಿಯಾ ಆಪರೇಷನ್ ಬೇರೆ ಇದೆ, ಮನೆ ಹತ್ತಿರದ ಆಸ್ಪತ್ರೆಯಲ್ಲಿ. ಅಲ್ಲಿಯವರಿಗೆ ಹೇಳಬೇಕಾದ್ದು ಏನಾದರೂ ಇದೆಯಾ?" ಎಂದು ಕೇಳಿದರು.

ಅಲ್ಲಿಗೆ ನನ್ನ ಲೆಕ್ಕಾಚಾರವೆಲ್ಲ ಕುಸಿಯಿತು. ಮಾರ್ಚ್‌ನಲ್ಲಿ ಇನ್ನೊಂದು ಥಿಯೇಟರಿನಲ್ಲಿ, ಇನ್ನೊಬ್ಬ ವೈದ್ಯರು ಈ ಹಾಳೆ ಓದಿ, ತೊಂದರೆಯೇನೂ ಆಗಿಲ್ಲ ಎಂದುಕೊಂಡು ಇವರನ್ನು ಮಲಗಿಸುತ್ತಾರೆ. ಎಬ್ಬಿಸುವಾಗ ಯಾರಾದರೂ ಎರಡು ನಿಮಿಷ ಎಂದು ಹೊರಗೆ ಹೋದರೆ?

"ನಿಮ್ಮ ಫೈಲಿನ ಪ್ರತಿ ಕೇಳಿ. ಕೇಳುವ ಹಕ್ಕು ನಿಮಗಿದೆ. ಅರಿವಳಿಕೆಯ ಹಾಳೆ ಬೇಕು ಅಂತ ಹೆಸರಿಟ್ಟು ಕೇಳಿ," ಎಂದೆ. ಅವರು ನಗು ನಿಲ್ಲಿಸಿ ನನ್ನ ಮುಖ ನೋಡಿದರು.

ಅಲ್ಲಿಂದ ನೇರ ಮುಖ್ಯ ನರ್ಸ್ ಕೋಣೆಗೆ ಹೋಗಿ ಒಂದೂವರೆ ಪುಟವನ್ನು ಮೇಜಿನ ಮೇಲಿಟ್ಟೆ. ಜೊತೆಗೆ ಗೆಫೇರ್‌ಡುಂಗ್ಸ್‌ಆನ್‌ಸೈಗೆ ಎಂಬ ಅರ್ಜಿಯನ್ನೂ ತುಂಬಿದೆ. ಇಲ್ಲಿ ಕೆಲಸ ನಡೆಯುತ್ತಿರುವ ರೀತಿಯಿಂದ ರೋಗಿಗಳ ಜೀವಕ್ಕೆ ಅಪಾಯವಿದೆ ಎಂದು ಲಿಖಿತವಾಗಿ ತಿಳಿಸುವ ಅರ್ಜಿ ಅದು.

ಐದು ದಿನದ ನಂತರ ಕರೆ ಬಂತು. ಮುಖ್ಯ ವೈದ್ಯರು, ಮುಖ್ಯ ನರ್ಸ್, ಶ್ರೀಧರ ಸರ್. ಸರ್ ಅಂದು ನನ್ನೊಡನೆ ಜರ್ಮನ್‌ನಲ್ಲಿ ಮಾತಾಡಿದರು, ಬಹುವಚನ ಹಚ್ಚಿ.

"ಆ ಔಷಧ ಕೊಡಲು ನಿಮಗೆ ಯಾರು ಆದೇಶ ಕೊಟ್ಟರು?" ಮುಖ್ಯ ವೈದ್ಯರು ಕೇಳಿದರು.

"ಯಾರೂ ಇಲ್ಲ."

"ಅಂದರೆ ಆದೇಶವಿಲ್ಲದೆ ಕೊಟ್ಟಿರಿ."

"ಆದೇಶ ಕೊಡುವವರು ಇಲ್ಲದ ಕೋಣೆಯಲ್ಲಿ ಕೊಟ್ಟೆ."

"ಶ್ರೀಧರ ಅವರು ಹೇಳುವ ಪ್ರಕಾರ ಅವರು ಕರೆದರೆ ಸಿಗುವಷ್ಟು ಹತ್ತಿರದಲ್ಲಿದ್ದರು."

"ಕರೆದೆ. ಅವರ ಫೋನ್ ನನ್ನ ಪಕ್ಕದಲ್ಲಿ ಹೊಡೆದುಕೊಂಡಿತು."

ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ಮುಖ್ಯ ನರ್ಸ್ ನೀರಿನ ಲೋಟವನ್ನು ತಿರುಗಿಸುತ್ತಿದ್ದರು.

ಎರಡು ವಾರದಲ್ಲಿ ಪತ್ರ ಬಂತು. ನಾನು ಅಧಿಕಾರದ ಮಿತಿ ಮೀರಿದ್ದನ್ನು ನನ್ನ ಫೈಲಿನಲ್ಲಿ ನಮೂದಿಸಲಾಗಿದೆ. ತುರ್ತು ಸ್ಥಿತಿಯಾದ್ದರಿಂದ ಹೆಚ್ಚಿನ ಕ್ರಮ ಇಲ್ಲ. ವಿಶೇಷ ತರಬೇತಿಗೆ ಕಳಿಸುವುದನ್ನು, ನನಗೆ "ಇನ್ನಷ್ಟು ಪಕ್ವತೆ" ಬರಲೆಂದು, ಒಂದು ವರ್ಷ ಮುಂದೂಡಲಾಗಿದೆ. ಒಂದು ಜೀವ ಉಳಿಸಿದ್ದಕ್ಕೆ ಪಕ್ವತೆ ಸಾಲದು! ಸಾಯುವುದನ್ನು ಸುಮ್ಮನೆ ನೋಡಿದ್ದರೆ ಪಕ್ವವಾಗಿರುತ್ತಿದ್ದೆನೇನೋ. ಶ್ರೀಧರ ಸರ್ ಜೊತೆ "ಮಾತುಕತೆ ನಡೆಸಲಾಗಿದೆ" ಎಂದು ಮಾತ್ರ ತಿಳಿಯಿತು. ಒಬ್ಬರು ಏಳುವ ಮುಂಚೆಯೇ ಇನ್ನೊಬ್ಬರನ್ನು ಮಲಗಿಸುವ ಪದ್ಧತಿ ಮೂರು ತಿಂಗಳು ನಿಂತಿತ್ತು, ಆಮೇಲೆ ಬೇರೆ ಹೆಸರಿನಲ್ಲಿ ಮತ್ತೆ ಶುರುವಾಯಿತು. ಸರ್ ಹೆಂಡತಿ ಒಮ್ಮೆ ಫೋನ್ ಮಾಡಿ, "ನಿಮ್ಮಣ್ಣನ ತರಹ ಇದ್ದರಲ್ಲೇ, ಬಾಯಲ್ಲಿ ಹೇಳಿದ್ದರೆ ಆಗುತ್ತಿರಲಿಲ್ವಾ" ಎಂದರು. ಅಣ್ಣನಾಗಿದ್ದರೂ ಬರೆಯುತ್ತಿದ್ದೆ ಎಂದೆ. ಆಮೇಲೆ ದೀಪಾವಳಿಗೆ ಕರೆ ಬರಲಿಲ್ಲ.

ಕ್ರೇಮರ್ ಬಿಡಲಿಲ್ಲ. ಫೈಲ್ ಕೇಳಿದರು, ಪ್ರಶ್ನೆ ಎತ್ತಿದರು, ಮತ್ತೆ ಮತ್ತೆ ಬರೆದರು. ಕಡೆಗೆ ಆಸ್ಪತ್ರೆ ತಿದ್ದುಪಡಿ ಸೇರಿಸಿತು. ಔಷಧಗಳು, ಸಮಯ, 49, ವೈದ್ಯರು ಪಕ್ಕದ ಕೋಣೆಯಲ್ಲಿದ್ದದ್ದು, ಎಲ್ಲ. ಮುಂದೆ ಯಾರೇ ಅರಿವಳಿಕೆ ಕೊಟ್ಟರೂ ತೋರಿಸಲೆಂದು ಒಂದು ಕಾರ್ಡನ್ನೂ ಕೊಟ್ಟಿತು. ಅದನ್ನು ಒಯ್ಯಲು ಬಂದ ದಿನ ಅವರು ಕೆಳಗಿನ ಕ್ಯಾಂಟೀನಿನಲ್ಲಿ ನನ್ನನ್ನು ಹುಡುಕಿ ಬಂದರು.

"ನನ್ನ ಟ್ರಾಮಿನಲ್ಲಿ ಕಾಲ ಕೆಳಗೆ ಒಂದು ಪೆಡಲ್ ಇದೆ," ಎಂದರು. "ನಾನು ಕಾಲು ತೆಗೆದು ಹಾಗೇ ಇದ್ದರೆ ಗಾಡಿ ತಾನಾಗಿ ನಿಲ್ಲುತ್ತೆ. ಎರಡು ನಿಮಿಷ ಬರ್ತೀನಿ ಅಂತ ನಾನು ಎದ್ದು ಹೋಗೋಕೆ ಆಗಲ್ಲ. ನಿಮ್ಮಲ್ಲಿ ಡಾಕ್ಟರು ಎದ್ದು ಹೋದರೆ ಏನು ನಿಲ್ಲುತ್ತೆ ಸಿಸ್ಟರ್?"

ಅವರ ಉಸಿರೇ ನಿಂತಿತ್ತು ಎನ್ನಲು ನಾಲಿಗೆ ಏಳಲಿಲ್ಲ.

ಮುಂದಿನ ವರ್ಷದ ಬೇಸಿಗೆಗೆ ಆ ಆಸ್ಪತ್ರೆ ಬಿಟ್ಟೆ. ಈಗ ಹೈಡೆಲ್‌ಬರ್ಗ್ ಹತ್ತಿರ ಬೇರೊಂದು ಕಡೆ ಇದ್ದೇನೆ. ತರಬೇತಿಗೆ ಇಲ್ಲಿಂದಲೇ ಸೇರಿದೆ, ಕೊನೆಯ ಪರೀಕ್ಷೆ ಬಾಕಿ ಇದೆ. ಟ್ರಾಮ್, ಲಿಫ್ಟ್, ಅಂಗಡಿಯ ಸ್ಕ್ಯಾನರ್, ಎಲ್ಲಿ ಸ್ವರ ಇಳಿಯುವ ಬೀಪ್ ಕೇಳಿದರೂ ಕೈ ತಾನಾಗಿ ದವಡೆ ಹಿಡಿಯುವ ಹಾಗೆ ಬಾಗುತ್ತದೆ. ಈ ಕೆಲಸಕ್ಕೆ ಬರಬಹುದಾ ಎಂದು ಕೇಳುವ ಊರಿನ ಹುಡುಗಿಯರಿಗೆ ಬನ್ನಿ ಅನ್ನುತ್ತೇನೆ. ಕೆಲಸ ಒಳ್ಳೆಯದು, ಭವಿಷ್ಯವೂ ಇದೆ. ಸಂದರ್ಶನದಲ್ಲಿ ಸಂಬಳ, ರಜೆ ಕೇಳುವ ಮುಂಚೆ ಒಂದು ಪ್ರಶ್ನೆ ಕೇಳಿ ಅನ್ನುತ್ತೇನೆ: ನಿಮ್ಮಲ್ಲಿ ರೋಗಿ ಎಚ್ಚರಗೊಳ್ಳುವಾಗ ವೈದ್ಯರು ಯಾವ ಕೋಣೆಯಲ್ಲಿರುತ್ತಾರೆ?

ನಾನು ಮಾಡುವುದು ಇಷ್ಟು. ಉಸಿರಿನ ನಳಿಕೆ ತೆಗೆಯುವ ಮುಂಚೆ ಅದರ ತುದಿಯ ಪುಟ್ಟ ಬಲೂನಿನ ಗಾಳಿ ಹೀರಬೇಕು. ಅದಕ್ಕೆ ಬೇಕಾದ ಖಾಲಿ ಸಿರಿಂಜನ್ನು ವೈದ್ಯರ ಕೈಗೆ ಕೊಡುವುದು ನಾನು. ಕೊಡುವ ಮುಂಚೆ ಮುಷ್ಟಿಯಲ್ಲಿ ಹಿಡಿದುಕೊಂಡು ಕೇಳುತ್ತೇನೆ, "ಇವರು ಕಣ್ಣು ಬಿಟ್ಟು ಹೆಸರು ಹೇಳುವವರೆಗೂ ನೀವು ಇಲ್ಲೇ ಇರುತ್ತೀರಾ?" ಕೆಲವರು ನಗುತ್ತಾರೆ. ಕೆಲವರು ಗಡಿಯಾರ ನೋಡಿ ಸಿಡುಕುತ್ತಾರೆ. ಹೌದು ಎನ್ನುವವರೆಗೆ ನಾನು ಮುಷ್ಟಿ ಬಿಚ್ಚುವುದಿಲ್ಲ.